ಆ 470 ಯೂರೋ ಯಾರದ್ದು?

ಹಾಸನದಿಂದ ನಿವೃತ್ತ ಶಿಕ್ಷಕರೊಬ್ಬರು ಬರೆದ ಪತ್ರ ಈ ತಿಂಗಳು ಬಹಳ ದಿನ ನನ್ನ ಮೇಜಿನ ಮೇಲೇ ಇತ್ತು. ಅದರ ಸಾರಾಂಶ ಇಷ್ಟು:

‘ನನ್ನ ಮಗ ಜರ್ಮನಿಯ ಮ್ಯೂನಿಕ್‌ನಲ್ಲಿ ಎಂಜಿನಿಯರ್. ವರ್ಷಕ್ಕೆ 78,000 ಯೂರೋ ಸಂಬಳ. ಅದರಲ್ಲಿ 2025ರ ಇಡೀ ವರ್ಷ ತಿಂಗಳಿಗೆ ಸುಮಾರು 470 ಯೂರೋ “ಟೆಕ್ನಿಕರ್” ಎಂಬ ಆರೋಗ್ಯ ವಿಮೆಗೇ ಹೋಯಿತು. ಕಂಪನಿಯೂ ಅಷ್ಟೇ ಕಟ್ಟುತ್ತದಂತೆ. ಎರಡು ವರ್ಷದಲ್ಲಿ ಅವನು ಡಾಕ್ಟರ ಬಳಿ ಹೋದದ್ದು ಒಂದೇ ಸಲ, ಅದೂ ನೆಗಡಿಗೆ. ಅವನ ಸ್ನೇಹಿತ ಖಾಸಗಿ ವಿಮೆಗೆ ಹೋಗಿ ಕಡಿಮೆ ಕಟ್ಟುತ್ತಾನೆ, ಡಾಕ್ಟರೂ ಬೇಗ ಸಿಗುತ್ತಾರೆ. ಸೊಸೆ ಇನ್ನೂ ಜರ್ಮನ್ ಕಲಿಯುತ್ತಿದ್ದಾಳೆ, ಕೆಲಸಕ್ಕೆ ಸೇರಿಲ್ಲ. ಒಬ್ಬನ ದುಡಿಮೆಯಿಂದ ಇಷ್ಟು ಕೀಳುವುದು ಹಗಲು ದರೋಡೆ ಅಲ್ವಾ? ಮಗನಿಗೆ ಬದಲಾಯಿಸು ಎಂದು ಹೇಳಲೇ?’

ಮೇಷ್ಟ್ರೇ, ದಯವಿಟ್ಟು ಹೇಳಬೇಡಿ.

ನಿಮ್ಮ ಮಾತಿನಲ್ಲಿ ಸತ್ಯ ಇಲ್ಲ ಎನ್ನುತ್ತಿಲ್ಲ. ಚರ್ಮದ ಡಾಕ್ಟರನ್ನೋ ಮೂಳೆ ಡಾಕ್ಟರನ್ನೋ ನೋಡಲು ಅಲ್ಲಿ ವಾರಗಟ್ಟಲೆ ಕಾಯಬೇಕಾಗುತ್ತದೆ, ಖಾಸಗಿಯವರಿಗೆ ಬೇಗ ಸಮಯ ಸಿಗುತ್ತದೆ. ಸಂಬಳದ ಮೇಲೆ ಎಲ್ಲರೂ ಕಟ್ಟುವ ಶೇ. 14.6ರ ಜೊತೆಗೆ ಟೆಕ್ನಿಕರ್ ಹಾಕುವ ಹೆಚ್ಚುವರಿ ದರ 2024ರಲ್ಲಿ ಶೇ. 1.2 ಇದ್ದದ್ದು, 2025ಕ್ಕೆ ಶೇ. 2.45 ಆಯಿತು. ಕಟ್ಟುವವರ ಹೊಟ್ಟೆ ಉರಿಯುವುದು ಸಹಜ. ಆದರೆ ‘ದರೋಡೆ’ ಎಂಬ ಮಾತನ್ನು ನಾನು ಒಪ್ಪುವುದಿಲ್ಲ.

ಟೆಕ್ನಿಕರ್ ಹುಟ್ಟಿದ್ದು 1884ರಲ್ಲಿ, ಲೈಪ್ಜಿಗ್‌ನಲ್ಲಿ. ಹುಟ್ಟಿದಾಗ ಅದು ವಾಸ್ತುಶಿಲ್ಪಿಗಳು, ಎಂಜಿನಿಯರುಗಳು ಮತ್ತು ತಾಂತ್ರಿಕ ಕೆಲಸಗಾರರ ಸಹಾಯ ನಿಧಿ. ಅಂದರೆ ನಿಮ್ಮ ಮಗನ ಕಸುಬಿನವರೇ ಕೂಡಿ ಮಾಡಿಕೊಂಡದ್ದು. ಅದರ ಹಿಂದಿನ ವರ್ಷವಷ್ಟೇ, 1883ರಲ್ಲಿ, ಜರ್ಮನಿಯ ಚಾನ್ಸಲರ್ ಬಿಸ್ಮಾರ್ಕ್ ಕಾರ್ಮಿಕರಿಗೆ ಕಾಯಿಲೆ ವಿಮೆಯ ಕಾನೂನು ತಂದಿದ್ದ. ಸಮಾಜವಾದಿಗಳ ಕಡೆ ಹೋಗುತ್ತಿದ್ದ ಕಾರ್ಮಿಕರನ್ನು ಹಿಡಿದು ನಿಲ್ಲಿಸುವುದೂ ಅವನ ಲೆಕ್ಕದಲ್ಲಿತ್ತು. ಆಗ ವಂತಿಗೆಯಲ್ಲಿ ಮೂರರಲ್ಲಿ ಎರಡು ಪಾಲು ಕಾರ್ಮಿಕನದು, ಒಂದು ಪಾಲು ಮಾಲೀಕನದು. ಇವತ್ತು ಅರ್ಧ ಅರ್ಧ. ಇವತ್ತು ಟೆಕ್ನಿಕರ್ ಜರ್ಮನಿಯ ಅತಿ ದೊಡ್ಡ ಸಾರ್ವಜನಿಕ ಆರೋಗ್ಯ ನಿಧಿ. 1.15 ಕೋಟಿಗೂ ಹೆಚ್ಚು ಜನ ಅದರ ನೆರಳಲ್ಲಿದ್ದಾರೆ. ಅದಕ್ಕೆ ಷೇರುದಾರರಿಲ್ಲ, ಲಾಭ ಹಂಚಿಕೊಳ್ಳುವ ಮಾಲೀಕನೂ ಇಲ್ಲ.

ನಿಮ್ಮ ಮಗ ಕಟ್ಟುವ ದುಡ್ಡು ಟೆಕ್ನಿಕರ್ ಪೆಟ್ಟಿಗೆಯಲ್ಲೇ ಕೂರುವುದಿಲ್ಲ. 2009ರಿಂದ ಇಂಥ ಎಲ್ಲ ಸಾರ್ವಜನಿಕ ನಿಧಿಗಳ ವಂತಿಗೆಯೂ ಮೊದಲು ಒಂದು ಕೇಂದ್ರ ಆರೋಗ್ಯ ನಿಧಿಗೆ ಸೇರುತ್ತದೆ. ಅಲ್ಲಿಂದ ಪ್ರತಿ ನಿಧಿಗೂ ಹಂಚುವಾಗ ಅದರ ಸದಸ್ಯರ ವಯಸ್ಸು ನೋಡುತ್ತಾರೆ, ಯಾರಿಗೆ ಯಾವ ಕಾಯಿಲೆ ಇದೆ ಎಂದು ನೋಡುತ್ತಾರೆ. ಸಕ್ಕರೆ ಕಾಯಿಲೆಯ ಅಜ್ಜಿಯ ಹೆಸರಿಗೆ ಜಾಸ್ತಿ ದುಡ್ಡು ಬರುತ್ತದೆ, ನಿಮ್ಮ ಮಗನಂಥ ಗಟ್ಟಿಮುಟ್ಟಾದ ಹುಡುಗನ ಹೆಸರಿಗೆ ಕಡಿಮೆ. ಹಾಗಾಗಿ ಅಜ್ಜಿಯನ್ನು ಸಾಗಹಾಕಿ ಹುಡುಗನನ್ನು ಮಾತ್ರ ಇಟ್ಟುಕೊಂಡರೆ ನಿಧಿಗೆ ದೊಡ್ಡ ಲಾಭವೇನೂ ಇಲ್ಲ. ಹಾಗೆ ಸಾಗಹಾಕಲು ಕಾನೂನೂ ಬಿಡುವುದಿಲ್ಲ. ಅರ್ಹತೆ ಇದ್ದು ಬಂದವರನ್ನು ಸೇರಿಸಿಕೊಳ್ಳಲೇಬೇಕು, ‘ನಿನಗೆ ಮೊದಲೇ ಬಿಪಿ ಇತ್ತಾ?’ ಎಂದು ಕೇಳಿ ವಾಪಸ್ ಕಳಿಸುವಂತಿಲ್ಲ.

ಈ ನಿಯಮವನ್ನು ನಾನು ಮೊದಲ ಸಲ ಓದಿದಾಗ ನೆನಪಾದದ್ದು ನನ್ನ ಅಮ್ಮ. ಹನ್ನೆರಡು ವರ್ಷ ಒಂದು ಕಂಪನಿಯ ಪಾಲಿಸಿಗೆ ತಪ್ಪದೆ ಕಂತು ಕಟ್ಟಿದ್ದೆವು. ಎಪ್ಪತ್ತು ದಾಟಿದ ಮೇಲೆ ಕಂತು ಎರಡೂವರೆ ಪಟ್ಟಾಯಿತು, ಅದನ್ನೂ ಕಟ್ಟಿದೆವು. ಸೊಂಟದ ಮೂಳೆ ಮುರಿದು ಆಸ್ಪತ್ರೆ ಸೇರಿದಾಗ, ಪಾಲಿಸಿಯ ಮಿತಿಗಿಂತ ಜಾಸ್ತಿ ಬಾಡಿಗೆಯ ರೂಮಿನಲ್ಲಿ ಇದ್ದರು ಎಂದು ರೂಮಿನ ಬಾಡಿಗೆ ಮಾತ್ರವಲ್ಲ, ಆಪರೇಷನ್ನಿನ ಬಿಲ್ಲನ್ನೂ ಅದೇ ಲೆಕ್ಕದಲ್ಲಿ ಕತ್ತರಿಸಿದರು. ಡಿಸ್ಚಾರ್ಜ್ ಎಂದು ಬೆಳಗ್ಗೆ ಹೇಳಿದವರು, ‘ಅಪ್ರೂವಲ್ ಬಂದಿಲ್ಲ’ ಎಂದು ರಾತ್ರಿ ಒಂಬತ್ತರವರೆಗೆ ಕೂರಿಸಿದರು. ಅಮ್ಮ ಗಾಲಿಕುರ್ಚಿಯಲ್ಲಿ ಸೆರಗು ಹೊದ್ದು ಕೂತಿದ್ದರು. ಅವತ್ತು ನಾವು ಆ ಕಂಪನಿಯ ಗ್ರಾಹಕರಾಗಿದ್ದೆವು. ಗ್ರಾಹಕನ ಕಾಯಿಲೆ ಎಂದರೆ ಕಂಪನಿಗೆ ಖರ್ಚು.

ಅದೇ ನನ್ನ ಅಕ್ಕನ ಮಗಳು ಸ್ಟುಟ್‌ಗಾರ್ಟ್‌ನಲ್ಲಿದ್ದಾಳೆ, ಅವಳೂ ಇಂಥದ್ದೇ ಒಂದು ನಿಧಿಯ ಸದಸ್ಯೆ. ಅವಳ ಮಗು ಮೂವತ್ತನೇ ವಾರಕ್ಕೇ ಹುಟ್ಟಿಬಿಟ್ಟಿತು. ಮಗು ವಾರಗಟ್ಟಲೆ ಗಾಜಿನ ಪೆಟ್ಟಿಗೆಯಲ್ಲಿತ್ತು. ಮನೆಗೆ ಬರುವ ದಿನ ಅಕ್ಕ ಇಲ್ಲಿಂದ ಫೋನ್ ಮಾಡಿ, ‘ಬಿಲ್ ಎಷ್ಟಾಯಿತು ಕಂದಾ, ಕಳಿಸಲಾ?’ ಎಂದು ಕೇಳಿದಳು. ‘ಬಿಲ್ ಕೊಡಲಿಲ್ಲಮ್ಮ’ ಎಂದಳು ಹುಡುಗಿ. ದೊಡ್ಡವರು ಆಸ್ಪತ್ರೆ ಸೇರಿದರೆ ದಿನಕ್ಕೆ 10 ಯೂರೋ, ಅದೂ ವರ್ಷಕ್ಕೆ 28 ದಿನ ಮಾತ್ರ ಕಟ್ಟಬೇಕು. ಹೆರಿಗೆಗೂ ಮಕ್ಕಳಿಗೂ ಅದೂ ಇಲ್ಲ.

ಈಗ ನಿಮ್ಮ ಲೆಕ್ಕಕ್ಕೆ ಬರೋಣ. ನೀವು ಮೇಷ್ಟ್ರು, ಲೆಕ್ಕ ಪೂರ್ತಿ ಮಾಡದೆ ಉತ್ತರ ಬರೆದ ಹುಡುಗನಿಗೆ ಅಂಕ ಕೊಡುತ್ತಿರಲಿಲ್ಲ ಅಲ್ವಾ? ನಿಮ್ಮ ಸೊಸೆಗೆ ಈಗ ಆದಾಯ ಇಲ್ಲ. ಹಾಗಾಗಿ ಅವಳು ಗಂಡನ ಸದಸ್ಯತ್ವದಲ್ಲೇ ಪುಕ್ಕಟೆಯಾಗಿ ಸೇರುತ್ತಾಳೆ. ನಾಳೆ ಮಕ್ಕಳಾದರೆ ಅವರೂ ಸೇರುತ್ತಾರೆ, ಓದುತ್ತಿದ್ದರೆ 25 ವರ್ಷದವರೆಗೂ. ಖಾಸಗಿಯಲ್ಲಿ ಹೆಂಡತಿಗೆ ಬೇರೆ ಕಂತು, ಪ್ರತಿ ಮಗುವಿಗೂ ಬೇರೆ ಕಂತು. ಅಲ್ಲಿ ಸಂಬಳ ನೋಡುವುದಿಲ್ಲ, ಸೇರುವಾಗಿನ ವಯಸ್ಸು ಮತ್ತು ಆರೋಗ್ಯ ನೋಡುತ್ತಾರೆ. ನಿವೃತ್ತಿಯಾಗಿ ಆದಾಯ ಇಳಿದರೂ ಕಂತು ಇಳಿಯುವುದಿಲ್ಲ. 55 ದಾಟಿದ ಮೇಲೆ ಸಾರ್ವಜನಿಕ ನಿಧಿಗೆ ಮರಳುವ ಬಾಗಿಲು ಹೆಚ್ಚುಕಡಿಮೆ ಮುಚ್ಚಿದ ಹಾಗೆಯೇ. ನಿಮ್ಮ ಮಗ ಕಾಯಿಲೆ ಬಿದ್ದರೆ ಆರು ವಾರ ಕಂಪನಿ ಸಂಬಳ ಕೊಡುತ್ತದೆ. ಆಮೇಲೆ ನಿಧಿಯೇ, ಒಂದು ಮಿತಿಯೊಳಗೆ, ಸಂಬಳದ ಸುಮಾರು ಶೇ. 70ರಷ್ಟು ಕೊಡುತ್ತದೆ, ಒಂದೇ ಕಾಯಿಲೆಗೆ ಮೂರು ವರ್ಷದಲ್ಲಿ ಆ ಆರು ವಾರವೂ ಸೇರಿ 78 ವಾರಗಳವರೆಗೆ. ನಿಮ್ಮ ಪತ್ರದಲ್ಲಿ ಇವು ಯಾವುವೂ ಇರಲಿಲ್ಲ.

ನಾನು ಇಷ್ಟು ಹಟ ಹಿಡಿದು ಬರೆಯುವುದಕ್ಕೆ ಕಾರಣ ಜರ್ಮನಿಯ ಮೇಲಿನ ಮೋಹ ಅಲ್ಲ. ಕೂಡಿ ಹಾಕುವುದು ನಮಗೇನು ಹೊಸದಲ್ಲ. ನಮ್ಮೂರಿನಲ್ಲಿ ನಾಟಿಗೆ ಮುಯ್ಯಾಳು ಹೋಗುತ್ತಿದ್ದರು. ಇವತ್ತು ನಾನು ನಿನ್ನ ಗದ್ದೆಗೆ, ನಾಳೆ ನೀನು ನನ್ನ ಗದ್ದೆಗೆ. ಆ ಲೆಕ್ಕ ಕರಾರುವಾಕ್ಕು. ಆದರೆ ಒಂದು ವರ್ಷ ನಮ್ಮ ಪಕ್ಕದ ಮನೆಯ ಯಜಮಾನ ಕಾಮಾಲೆಯಿಂದ ಮಲಗಿದಾಗ, ಕೇರಿಯವರೆಲ್ಲ ಸೇರಿ ಅವರ ನಾಟಿ ಮುಗಿಸಿದರು, ಆ ಆಳುಗಳನ್ನು ಯಾರೂ ಎಣಿಸಲಿಲ್ಲ. ಗದಗದ ಕಣಗಿನಹಾಳದಲ್ಲಿ 1905ರಲ್ಲೇ ಸಹಕಾರ ಸಂಘ ಕಟ್ಟಿದ ನಾಡು ಇದು. 2003ರಲ್ಲಿ ಯಶಸ್ವಿನಿ ಆರೋಗ್ಯ ಯೋಜನೆ ಶುರುವಾದಾಗ ತಿಂಗಳಿಗೆ 5 ರೂಪಾಯಿಯಂತೆ ಸಹಕಾರ ಸಂಘಗಳ ರೈತರು ಕಟ್ಟಿದರು. ಡೇರಿಯಲ್ಲಿ ಹಾಲಿನ ದುಡ್ಡು ಎಣಿಸಿಕೊಂಡು ನನ್ನ ಅಪ್ಪ ಅಲ್ಲೇ ನಾಲ್ಕು ಜನರ ವಂತಿಗೆ ಕೊಟ್ಟು ಬಂದಿದ್ದರು. ನಮ್ಮ ಮನೆಯಲ್ಲಿ ಯಾರೂ ಅದನ್ನು ಬಳಸಲಿಲ್ಲ. ‘ಸುಮ್ನೆ ಹೋಯ್ತಲ್ಲ’ ಎಂದು ಅಮ್ಮ ಅಂದರೆ, ‘ಹೋಗಲಿಲ್ಲ ಕಣೇ, ಆ ಮೂಲೆಮನೆಯವನ ಹಾರ್ಟಿಗೆ ಹೋಯ್ತು’ ಅಂದಿದ್ದರು. 2018ರಲ್ಲಿ ಯಶಸ್ವಿನಿಯನ್ನು ಆರೋಗ್ಯ ಕರ್ನಾಟಕದೊಳಗೆ ಸೇರಿಸಿದರು. 2022ರಲ್ಲಿ ಮತ್ತೆ ಬೇರೆಯಾಗಿ ತಂದರು, ಹಳ್ಳಿಯ ನಾಲ್ಕು ಜನರ ಕುಟುಂಬಕ್ಕೆ ವರ್ಷಕ್ಕೆ 500 ರೂಪಾಯಿ. ಬಂದದ್ದು ಒಳ್ಳೆಯದೇ ಆಯಿತು.

ಆದರೆ ನೋಡಿ, ನಮ್ಮಲ್ಲಿ ‘ಸದಸ್ಯ’ ಎಂಬ ಪದವೇ ಸೊರಗಿಹೋಗಿದೆ. ಕಂಪನಿಗೆ ನಾವು ಗ್ರಾಹಕರು, ಸರ್ಕಾರಕ್ಕೆ ಫಲಾನುಭವಿಗಳು. ಗ್ರಾಹಕ ಬೇಡವಾದರೆ ಬಿಟ್ಟು ಹೋಗಬಹುದು, ಫಲಾನುಭವಿ ಕೈ ಮುಗಿದು ನಿಲ್ಲಬೇಕು. ಸದಸ್ಯನೊಬ್ಬನೇ ಎದ್ದು ನಿಂತು ‘ಲೆಕ್ಕ ತೋರಿಸಿ’ ಎನ್ನಬಲ್ಲ. ಸೊಸೈಟಿಯ ವಾರ್ಷಿಕ ಮಹಾಸಭೆಗೆ ನಾವು ಹೋಗುವುದನ್ನೇ ಬಿಟ್ಟೆವು. ಹೋದವರೂ ಸಹಿ ಹಾಕಿ, ಊಟದ ಹೊತ್ತಿಗೆ ಎದ್ದು ಬರುತ್ತೇವೆ. ಆಮೇಲೆ ಯಾರೋ ನಾಲ್ಕು ಜನ ಸೊಸೈಟಿ ನುಂಗಿದರು ಎಂದು ಪತ್ರಿಕೆಗೆ ಪತ್ರ ಬರೆಯುತ್ತೇವೆ. ಅಂಥ ಪತ್ರಗಳು ನನಗೆ ತಿಂಗಳಿಗೆ ನಾಲ್ಕೈದಾದರೂ ಬರುತ್ತವೆ. ‘ಸಭೆಗೆ ಹೋಗಿ ಕೇಳಿದೆ’ ಎಂದು ಬರೆದವರು ಒಬ್ಬರೂ ಇಲ್ಲ.

ಅಲ್ಲಿನವರೂ ಇದರಲ್ಲಿ ಹಿಂದೆ ಬಿದ್ದಿದ್ದಾರೆ. ಟೆಕ್ನಿಕರ್‌ನ ಆಡಳಿತ ಮಂಡಳಿಯಲ್ಲಿ ಅರ್ಧ ಸದಸ್ಯರ ಪ್ರತಿನಿಧಿಗಳು, ಅರ್ಧ ಮಾಲೀಕರ ಪ್ರತಿನಿಧಿಗಳು. ಸದಸ್ಯರ ಕಡೆಯವರನ್ನು ಆರು ವರ್ಷಕ್ಕೊಮ್ಮೆ ಚುನಾವಣೆಯಲ್ಲಿ ಆರಿಸುತ್ತಾರೆ. ಮನೆಗೇ ಕೆಂಪು ಲಕೋಟೆಯಲ್ಲಿ ಮತಪತ್ರ ಬರುತ್ತದೆ. 16 ತುಂಬಿದ ಸದಸ್ಯನಿಗೆಲ್ಲ ಮತ ಇದೆ, ಜರ್ಮನ್ ಪ್ರಜೆಯೇ ಆಗಿರಬೇಕೆಂದಿಲ್ಲ. 2023ರಲ್ಲಿ ಆನ್‌ಲೈನ್‌ನಲ್ಲೂ ಮತ ಹಾಕಲು ಅವಕಾಶ ಕೊಟ್ಟರು. ಆದರೂ ಆ ಚುನಾವಣೆಯಲ್ಲಿ ನಾಲ್ವರಲ್ಲಿ ಒಬ್ಬರೂ ಮತ ಹಾಕಲಿಲ್ಲ.

ಮಗನಿಗೆ ಫೋನ್ ಮಾಡಿದಾಗ ಇದನ್ನು ಹೇಳಿ ಮೇಷ್ಟ್ರೇ. ದರ ಯಾಕೆ ಏರಿತು ಎಂದು ಕೇಳುವ ಹಕ್ಕು ಅವನಿಗಿದೆ, ಮುಂದಿನ ಚುನಾವಣೆ 2029ರಲ್ಲಿ. ಕುಟುಂಬದವರಾಗಿ ಪುಕ್ಕಟೆ ಸೇರಿದವರಿಗೆ ಮತ ಇಲ್ಲ, ಸ್ವಂತ ಸದಸ್ಯತ್ವ ಬೇಕು. ಅಷ್ಟು ಹೊತ್ತಿಗೆ ನಿಮ್ಮ ಸೊಸೆ ಜರ್ಮನ್ ಕಲಿತು ಕೆಲಸಕ್ಕೆ ಸೇರಿದ್ದರೆ ಆ ಮನೆಗೆ ಎರಡು ಕೆಂಪು ಲಕೋಟೆ ಬರಬೇಕು. ಎರಡನ್ನೂ ಒಡೆದು ನೋಡಲು ಹೇಳಿ.

— ಸಂಪಾದಕ