ಗುದ್ದು ಬೀಳುವುದು ಇನ್ನೊಬ್ಬರ ತಲೆಗೆ

ಪ್ರಿಯ ಓದುಗರೇ,

ಹೆಸರು ಹಾಕಬೇಡಿ ಎಂದು ಕೇಳಿಕೊಂಡಿದ್ದೀರಿ, ಹಾಕುತ್ತಿಲ್ಲ. ಪತ್ರ ಪೂರ್ತಿ ಅಚ್ಚು ಮಾಡಲು ಜಾಗವೂ ಇಲ್ಲ. ಬೇರೆ ಓದುಗರಿಗೆ ಗೊತ್ತಾಗಲಿ ಎಂದು ಅದರ ಸಾರವನ್ನಷ್ಟೇ ಮೊದಲು ಹೇಳಿಬಿಡುತ್ತೇನೆ.

ನಿಮ್ಮ ತಮ್ಮನಿಗೆ 19 ವರ್ಷ. ಬಾಕ್ಸಿಂಗ್ ಆಡುತ್ತಾನೆ, ಚೆನ್ನಾಗಿಯೇ ಆಡುತ್ತಾನೆ. ಜಿಮ್‌ನಲ್ಲಿ ಹಿರಿಯರೊಬ್ಬರು ‘ಮೇಲಕ್ಕೆ ಹೋದವರೆಲ್ಲ ತಗೊಂಡೇ ಹೋಗಿದ್ದು’ ಎನ್ನುತ್ತಾ ಇಂಜೆಕ್ಷನ್ ವಿಷಯ ಎತ್ತಿದ್ದಾರೆ. ಮೊದಲು ನಿಮಗೆ ಸಿಟ್ಟು ಬಂತು. ಆಮೇಲೆ ಯೋಚಿಸುತ್ತಾ ಹೋದ ಹಾಗೆ ನಿಮಗೇ ಬೇರೆ ಥರ ಅನ್ನಿಸತೊಡಗಿತು. ಉದ್ದೀಪನ ಮದ್ದನ್ನು ಹೇಗೂ ಕದ್ದು ತಗೊಳ್ಳುತ್ತಾರೆ, ಪರೀಕ್ಷೆಗೆ ಸಿಗುವವರು ದಡ್ಡರು ಮಾತ್ರ. ಅದರ ಬದಲು ಬಾಕ್ಸಿಂಗ್, ಎಂಎಂಎ (ಗುದ್ದು, ಒದೆ, ಪಟ್ಟು ಎಲ್ಲ ಸೇರಿದ ಕಾಳಗ), ಕುಸ್ತಿಯಂಥ ಆಟಗಳಲ್ಲಿ ಮದ್ದಿಗೆ ಅನುಮತಿ ಕೊಟ್ಟುಬಿಡಲಿ, ಡಾಕ್ಟರ ಕಣ್ಣೆದುರಿಗೇ ತಗೊಳ್ಳಲಿ, ಎಲ್ಲರಿಗೂ ಒಂದೇ ನಿಯಮ ಆಗುತ್ತದೆ ಎನ್ನುತ್ತೀರಿ. ಕೊನೆಗೆ ಕೇಳಿದ್ದೀರಿ: ‘ಮುಖಕ್ಕೆ ಗುದ್ದಿಸಿಕೊಳ್ಳಲು ಒಪ್ಪಿ ಬಂದವನಿಗೆ ಸೂಜಿ ಚುಚ್ಚಿಸಿಕೊಳ್ಳಬೇಡ ಅನ್ನುವುದು ಯಾವ ನ್ಯಾಯ?’

ಒಳ್ಳೆಯ ಪ್ರಶ್ನೆ. ಸುಮ್ನೆ ‘ಅದು ಮೋಸ, ಮಾಡಬಾರದು’ ಎಂದು ತಳ್ಳಿಹಾಕಿದರೆ ನಿಮಗೆ ಉತ್ತರ ಸಿಕ್ಕಂತಾಗುವುದಿಲ್ಲ. ಅನುಮತಿ ಕೊಡಬಾರದು ಎಂಬುದು ನನ್ನ ಖಚಿತ ಅಭಿಪ್ರಾಯ. ಯಾಕೆ ಎಂದು ಹೇಳಬೇಕಾದರೆ ಒಂದು ಹಳೆಯ ಪಂದ್ಯದ ಕತೆ ಹೇಳಬೇಕು.

1983ರ ಜೂನ್ 16. ನ್ಯೂಯಾರ್ಕ್‌ನ ಮ್ಯಾಡಿಸನ್ ಸ್ಕ್ವೇರ್ ಗಾರ್ಡನ್. ಬಿಲ್ಲಿ ಕಾಲಿನ್ಸ್ ಜೂನಿಯರ್ ಎಂಬ 21ರ ಹುಡುಗ, ಅಲ್ಲಿಯವರೆಗೆ ಆಡಿದ 14 ಪಂದ್ಯಗಳಲ್ಲೂ ಗೆದ್ದವನು, ಲೂಯಿಸ್ ರೆಸ್ಟೊ ಎದುರು ಇಳಿದ. ಕಾಲಿನ್ಸ್ ಸುಲಭವಾಗಿ ಗೆಲ್ಲುತ್ತಾನೆ ಎಂದೇ ಎಲ್ಲರೂ ಅಂದುಕೊಂಡಿದ್ದರು. ಆದರೆ ಹತ್ತು ಸುತ್ತೂ ಅವನು ಏಟು ತಿಂದ. ಮುಖ ಊದಿತು, ಕಣ್ಣುಗಳು ಮುಚ್ಚಿಕೊಂಡವು. ಪಂದ್ಯ ಮುಗಿದ ಮೇಲೆ, ಕೋಚ್ ಕೂಡ ಆಗಿದ್ದ ಅವನ ಅಪ್ಪ, ಗೆದ್ದ ರೆಸ್ಟೊಗೆ ಕೈ ಕುಲುಕಲು ಹೋದರು. ಗ್ಲೌಸ್ ಹಿಡಿದ ತಕ್ಷಣ ಅವರಿಗೆ ಅನುಮಾನ ಬಂತು. ಒಳಗೆ ಇರಬೇಕಾದ ಮೆತ್ತೆಯೇ ಇರಲಿಲ್ಲ, ಬೆರಳಿನ ಗೆಣ್ಣು ಕೈಗೆ ತಾಗುತ್ತಿತ್ತು. ಅಲ್ಲೇ ಕೂಗಿಕೊಂಡರು. ಗ್ಲೌಸ್ ವಶಕ್ಕೆ ತಗೊಂಡು ನೋಡಿದರೆ, ಯಾರೋ ಅವನ್ನು ಕೊಯ್ದು ಒಳಗಿನ ಪ್ಯಾಡಿಂಗ್ ತೆಗೆದಿದ್ದರು.

ಕಾಲಿನ್ಸ್‌ನ ಕಣ್ಣಿನ ಪಾಪೆಯ ಸುತ್ತಲಿನ ಬಣ್ಣದ ಪೊರೆ (ಐರಿಸ್) ಹರಿದಿತ್ತು. ದೃಷ್ಟಿ ಮಂಜಾಗಿ ಹಾಗೇ ಉಳಿಯಿತು, ಅವನ ಬಾಕ್ಸಿಂಗ್ ಅಲ್ಲಿಗೆ ಮುಗಿಯಿತು. ಮರುವರ್ಷ ಕಾರು ಅಪಘಾತದಲ್ಲಿ ತೀರಿಕೊಂಡ. 1986ರಲ್ಲಿ ರೆಸ್ಟೊಗೂ ಅವನ ಟ್ರೇನರ್ ಪನಾಮಾ ಲೂಯಿಸ್‌ಗೂ ಕೋರ್ಟಿನಲ್ಲಿ ಶಿಕ್ಷೆಯಾಯಿತು, ಇಬ್ಬರೂ ಜೈಲಿಗೆ ಹೋದರು. ರೆಸ್ಟೊ ಮೇಲಿನ ಆರೋಪಗಳಲ್ಲಿ ಆಯುಧ ಇಟ್ಟುಕೊಂಡ ಆರೋಪವೂ ಇತ್ತು. ಆ ಆಯುಧ ಅಂದರೆ ಅವನ ಕೈಗಳೇ.

ಎಷ್ಟೋ ವರ್ಷಗಳ ಮೇಲೆ ರೆಸ್ಟೊ ಬಾಯಿಬಿಟ್ಟು ಇನ್ನೂ ಎರಡು ವಿಷಯ ಹೇಳಿದ. ಕೈಗೆ ಸುತ್ತಿದ ಪಟ್ಟಿಗೂ ಗಟ್ಟಿಯಾಗುವ ಪುಡಿ ಹಾಕಿದ್ದರಂತೆ. ಜೊತೆಗೆ, ಕೊನೆಯ ಸುತ್ತುಗಳಲ್ಲೂ ಉಸಿರು ಕಟ್ಟದಿರಲಿ ಎಂದು ಅಸ್ತಮಾ ಮಾತ್ರೆಯ ಪುಡಿಯನ್ನು ಅವನು ಕುಡಿಯುವ ನೀರಿಗೆ ಬೆರೆಸುತ್ತಿದ್ದರಂತೆ. ಟ್ರೇನರ್ ಪನಾಮಾ ಲೂಯಿಸ್ ಇದನ್ನು ಒಪ್ಪಲಿಲ್ಲ. ರೆಸ್ಟೊ ಹೇಳಿದ್ದು ನಿಜವೇ ಆಗಿದ್ದರೆ, ಗ್ಲೌಸ್, ಪಟ್ಟಿ, ನೀರಿನ ಬಾಟಲಿ ಮೂರೂ ಒಂದೇ ಕೆಲಸಕ್ಕೆ ಬಳಕೆಯಾಗಿದ್ದವು. ಎದುರಿನ ಹುಡುಗ ಯಾವ ಏಟಿಗೆ ಒಪ್ಪಿ ರಿಂಗ್‌ಗೆ ಬಂದಿದ್ದನೋ, ಅದಕ್ಕಿಂತ ದೊಡ್ಡ ಏಟನ್ನು ಅವನಿಗೆ ಕೊಡುವುದು.

ನಿಮ್ಮ ಪ್ರಶ್ನೆಗೆ ನನ್ನ ಉತ್ತರ ಇಲ್ಲಿದೆ. ಕಾಲಿನ್ಸ್ ಏಟು ತಿನ್ನಲು ಒಪ್ಪಿದ್ದ, ನಿಜ. ಆದರೆ ಇಷ್ಟು ತೂಕದವನಿಂದ, ಇಷ್ಟು ದಪ್ಪದ ಗ್ಲೌಸ್‌ನಿಂದ, ಇಷ್ಟು ಸುತ್ತು, ಸೊಂಟದಿಂದ ಮೇಲೆ ಮಾತ್ರ ಎಂದು ಒಪ್ಪಿದ್ದ. ಆ ಮಿತಿಗಳನ್ನು ತೆಗೆದರೆ ಉಳಿಯುವುದು ಬೀದಿ ಜಗಳ. ‘ನನ್ನ ಮೈ, ನನ್ನ ಇಷ್ಟ’ ಎಂಬ ಮಾತು ಓಟಕ್ಕೋ ಈಜಿಗೋ ಸ್ವಲ್ಪವಾದರೂ ಹೊಂದೀತು. ಪಕ್ಕದ ಸಾಲಿನಲ್ಲಿ ಈಜುವವನಿಗೆ ಪದಕ ತಪ್ಪುತ್ತದೆ, ಅದೂ ಅನ್ಯಾಯವೇ, ಆದರೆ ಅವನು ಮನೆಗೆ ನೆಟ್ಟಗೆ ನಡೆದುಕೊಂಡು ಹೋಗುತ್ತಾನೆ. ಬಾಕ್ಸಿಂಗ್‌ನಲ್ಲಿ ಒಬ್ಬ ತಗೊಂಡ ಮದ್ದಿನ ಬಲ ಇನ್ನೊಬ್ಬನ ದವಡೆಗೆ, ಕಣ್ಣಿಗೆ, ಮಿದುಳಿಗೆ ಹೋಗಿ ಮುಟ್ಟುತ್ತದೆ. ಮದ್ದು ತಗೊಂಡವರಿಗೂ ಅವಕಾಶ ಕೊಡುವ ‘ಎನ್‌ಹ್ಯಾನ್ಸ್ಡ್ ಗೇಮ್ಸ್’ ಎಂಬ ಕೂಟದ ಬಗ್ಗೆ ನೀವೂ ಬರೆದಿದ್ದೀರಿ. ಅದರ ಸಂಘಟಕರು 2025ರಲ್ಲಿ ಪ್ರಕಟಿಸಿದ ಪಟ್ಟಿಯನ್ನೇ ನೋಡಿ: ಈಜು, ಓಟ, ಭಾರ ಎತ್ತುವುದು. ಒಬ್ಬರು ಇನ್ನೊಬ್ಬರನ್ನು ಹೊಡೆಯುವ ಆಟ ಅದರಲ್ಲಿ ಒಂದೂ ಇಲ್ಲ.

‘ಮದ್ದು ಟೆಕ್ನಿಕ್ ಕಲಿಸುವುದಿಲ್ಲವಲ್ಲ, ಮೈ ಮುರಿದು ದುಡಿಯುವುದಂತೂ ತಪ್ಪುವುದಿಲ್ಲ’ ಎಂದಿದ್ದೀರಿ. ಟೆಕ್ನಿಕ್ ಕಲಿಸುವುದಿಲ್ಲ, ಸರಿ. ಆದರೆ ಸ್ನಾಯುವಿನ ಲೆಕ್ಕ ಬೇರೆ. 1996ರಲ್ಲಿ ಅಮೆರಿಕದಲ್ಲಿ ಒಂದು ಅಧ್ಯಯನ ಪ್ರಕಟವಾಯಿತು. ಆರೋಗ್ಯವಂತ 43 ಗಂಡಸರನ್ನು ನಾಲ್ಕು ಗುಂಪು ಮಾಡಿದ್ದರು. ಎರಡು ಗುಂಪಿಗೆ ವಾರಕ್ಕೆ 600 ಮಿಲಿಗ್ರಾಂನಂತೆ 10 ವಾರ ಟೆಸ್ಟೋಸ್ಟೆರಾನ್ ಎಂಬ ಗಂಡು ಹಾರ್ಮೋನು, ಉಳಿದ ಎರಡಕ್ಕೆ ಹುಸಿ ಇಂಜೆಕ್ಷನ್. ಎರಡು ಬಗೆಯವರಲ್ಲೂ ಒಂದು ಗುಂಪು ತೂಕ ಎತ್ತಿತು, ಇನ್ನೊಂದು ಎತ್ತಲಿಲ್ಲ. ಹುಸಿ ಇಂಜೆಕ್ಷನ್ ಪಡೆದು ವ್ಯಾಯಾಮ ಮಾಡಿದವರಿಗೆ ಕೊಬ್ಬು ಬಿಟ್ಟು ಮೈತೂಕ ಸರಾಸರಿ 2 ಕಿಲೋ ಹತ್ತಿರ ಹೆಚ್ಚಿತು. ಮದ್ದು ತಗೊಂಡು ವ್ಯಾಯಾಮವನ್ನೇ ಮಾಡದವರಿಗೆ 3 ಕಿಲೋ ದಾಟಿತು. ಎರಡೂ ಮಾಡಿದವರಿಗೆ 6 ಕಿಲೋ. ಸುಮ್ಮನೆ ಕೂತವರು ಬೆವರು ಸುರಿಸಿದವರನ್ನು ಹಿಂದೆ ಹಾಕಿದರು! ಇದನ್ನು ತೂಕದ ವಿಭಾಗಗಳ ಜೊತೆ ಇಟ್ಟು ನೋಡಿ. ಹೊಡೆತದ ಬಲ ಸರಿಸಮ ಇರಲಿ ಎಂದೇ ಅಲ್ವಾ ಆಟಗಾರರನ್ನು ತೂಗುವುದು? ತಕ್ಕಡಿ ಮೇಲೆ ಇಬ್ಬರೂ ಒಂದೇ ತೂಗಬಹುದು, ಆದರೆ ಒಬ್ಬನ ಮೈಯಲ್ಲಿ ಮೇಲಿನ ವಿಭಾಗದವನ ಸ್ನಾಯು ಇರುತ್ತದೆ.

ಇನ್ನು ನಿಮ್ಮ ವಾದಗಳಲ್ಲಿ ನನ್ನನ್ನು ನಿಜಕ್ಕೂ ನಿಲ್ಲಿಸಿದ ಒಂದು ಮಾತು. ಮದ್ದಿನಿಂದ ಮೈ ಬೇಗ ಸುಧಾರಿಸುತ್ತದೆ, ಹಾಗಾಗಿ ಆಟಗಾರರಿಗೆ ಅದು ರಕ್ಷಣೆಯೂ ಹೌದು ಎಂದಿದ್ದೀರಿ. ಸ್ನಾಯುವಿನ ಮಟ್ಟಿಗೆ ನಿಮ್ಮ ಮಾತು ಸರಿ. ದಣಿವು ಬೇಗ ಆರುತ್ತದೆ, ಮರುದಿನವೇ ಮತ್ತೆ ಜೋರಾಗಿ ಅಭ್ಯಾಸ ಮಾಡಬಹುದು. ತೊಂದರೆ ಇರುವುದೂ ಅಲ್ಲೇ. ತೋಳಿನ ನೋವು ಹೋಯಿತೆಂದು ಹುಡುಗ ಮತ್ತೆ ಸ್ಪಾರಿಂಗ್‌ಗೆ (ಜೊತೆಗಾರನೊಂದಿಗಿನ ಅಭ್ಯಾಸದ ಗುದ್ದಾಟಕ್ಕೆ) ಇಳಿಯುತ್ತಾನೆ, ಮತ್ತೆ ತಲೆಗೆ ಏಟು ತಿನ್ನುತ್ತಾನೆ. ಮಿದುಳನ್ನು ಬೇಗ ಸುಧಾರಿಸುವ ಮದ್ದು ಯಾವ ಬಾಟಲಿಯಲ್ಲೂ ಇಲ್ಲ. ಬಾಕ್ಸರುಗಳು ಬರಬರುತ್ತಾ ತೊದಲುವುದು, ನಡೆಯುವಾಗ ತೂರಾಡುವುದು, ಮರೆವು ಬರುವುದು, ಇದನ್ನೆಲ್ಲ ಮಾರ್ಟ್‌ಲ್ಯಾಂಡ್ ಎಂಬ ವೈದ್ಯ 1928ರಲ್ಲೇ ಬರೆದಿಟ್ಟರು. ಅವರು ಹೇಳಿದ್ದು ಒಂದು ದೊಡ್ಡ ನಾಕ್‌ಔಟ್ ಬಗ್ಗೆ ಮಾತ್ರ ಅಲ್ಲ, ವರ್ಷಗಟ್ಟಲೆ ತಿಂದ ಏಟುಗಳ ಬಗ್ಗೆ. ದಣಿವು ಅನ್ನುವುದು ಆಟಗಾರನನ್ನು ಕೂರಿಸುವ ಒಂದು ತಡೆ. ಅದನ್ನು ಮದ್ದಿನಿಂದ ತೆಗೆದರೆ ಏಟಿನ ಲೆಕ್ಕ ಜಾಸ್ತಿಯಾಗುತ್ತದೆ, ಪಂದ್ಯದ ದಿನ ಮಾತ್ರವಲ್ಲ, ಯಾರೂ ನೋಡದ ಅಭ್ಯಾಸದ ದಿನಗಳಲ್ಲೂ.

‘ಇಬ್ಬರೂ ತಗೊಂಡರೆ ಸಮ’ ಎಂಬ ಮಾತಿಗೂ ಇದೇ ಉತ್ತರ. ಗೆಲ್ಲುವ ಅವಕಾಶ ಸಮವಾಗಬಹುದು, ಪೆಟ್ಟು ಇಬ್ಬರಿಗೂ ಹೆಚ್ಚುತ್ತದೆ. ಎರಡೂ ಜೊತೆ ಗ್ಲೌಸ್‌ನಿಂದ ಮೆತ್ತೆ ತೆಗೆದರೂ ಸಮವೇ, ಹಾಗಂತ ಯಾರೂ ತೆಗೆಯುವುದಿಲ್ಲ. 1982ರ ನವೆಂಬರ್‌ನಲ್ಲಿ ರೇ ಮಾನ್ಸಿನಿ ಎದುರು ಆಡಿದ ದಕ್ಷಿಣ ಕೊರಿಯಾದ ಕಿಮ್ ದುಕ್-ಕೂ 14ನೇ ಸುತ್ತಿನಲ್ಲಿ ಬಿದ್ದು, ಕೆಲವೇ ದಿನಗಳಲ್ಲಿ ತೀರಿಕೊಂಡಾಗ ವಿಶ್ವ ಬಾಕ್ಸಿಂಗ್ ಕೌನ್ಸಿಲ್ 15 ಸುತ್ತಿನ ಪಂದ್ಯವನ್ನು 12ಕ್ಕೆ ಇಳಿಸಿತು. ಉಳಿದ ಸಂಸ್ಥೆಗಳೂ ಆಮೇಲೆ ಅದೇ ದಾರಿ ಹಿಡಿದವು. ಈ ಆಟ ಬದುಕಿ ಬಂದಿರುವುದೇ ಹೀಗೆ, ಒಂದೊಂದು ಸಾವಿನಿಂದಲೂ ಒಂದೊಂದು ಮಿತಿ ಕಲಿತು.

ಡಾಕ್ಟರ ಕಣ್ಣೆದುರಿಗೆ ಎಂದಿರಿ. ಅದನ್ನು ಮಾಡಿ ನೋಡಿದ್ದಾಗಿದೆ. ಎಂಎಂಎಯಲ್ಲಿ ಕೆಲವು ವರ್ಷ, ಟೆಸ್ಟೋಸ್ಟೆರಾನ್ ಕಡಿಮೆ ಇದೆ ಎಂದು ಡಾಕ್ಟರ ಚೀಟಿ ತಂದವರಿಗೆ ಅದನ್ನು ಹೊರಗಿನಿಂದ ತಗೊಳ್ಳಲು ಅನುಮತಿ ಸಿಗುತ್ತಿತ್ತು. ಟಿಆರ್‌ಟಿ ಎನ್ನುತ್ತಿದ್ದರು. ನಿಮ್ಮ ಸಲಹೆಗೆ ಇದಕ್ಕಿಂತ ಹತ್ತಿರದ್ದು ಇನ್ನೇನಿದೆ? ಆದರೆ ಮೊದಲು ಕದ್ದು ಸ್ಟೆರಾಯ್ಡ್ (ಟೆಸ್ಟೋಸ್ಟೆರಾನ್‌ನಂತೆ ಸ್ನಾಯು ಬೆಳೆಸುವ ಮದ್ದು) ತಗೊಂಡವರಿಗೂ ಮೈಯ ಸ್ವಂತ ಟೆಸ್ಟೋಸ್ಟೆರಾನ್ ಇಳಿದುಹೋಗುತ್ತದೆ. ಹಾಗಾಗಿ ಹಳೆಯ ಮೋಸವೇ ಹೊಸ ಅನುಮತಿಗೆ ಕಾರಣವಾಗಿಬಿಡಬಹುದಿತ್ತು. ಪಂದ್ಯದ ದಿನ ಮಟ್ಟ ಸರಿ ಇದ್ದರೂ, ತಯಾರಿಯ ವಾರಗಳಲ್ಲಿ ಅದು ಎಲ್ಲಿಗೆ ಏರಿತ್ತು ಎಂದು ಯಾರು ನೋಡಿಕೊಂಡು ಕೂರುತ್ತಾರೆ? 2014ರ ಫೆಬ್ರವರಿಯಲ್ಲಿ ಅಮೆರಿಕದ ನೆವಾಡ ರಾಜ್ಯದ ಆಯೋಗ ಆ ಅನುಮತಿಯನ್ನೇ ನಿಲ್ಲಿಸಿತು.

ಪೂರ್ವ ಜರ್ಮನಿಯಲ್ಲೂ ಡಾಕ್ಟರುಗಳಿದ್ದರು. ಸರ್ಕಾರವೇ ನಡೆಸಿದ ಯೋಜನೆ ಅದು. ಡೋಸ್ ಎಷ್ಟು, ಯಾರಿಗೆ, ಯಾವಾಗ ಎಂದು ಬರೆದಿಡುತ್ತಿದ್ದರು. ಹದಿಹರೆಯದ ಹುಡುಗಿಯರಿಗೆ ಓರಲ್-ಟುರಿನಾಬೋಲ್ ಎಂಬ ನೀಲಿ ಮಾತ್ರೆಯನ್ನು ವಿಟಮಿನ್ ಎಂದು ನುಂಗಿಸಿದರು. ಹಲವರ ದನಿ ಗಡಸಾಯಿತು, ಮತ್ತೆ ಸರಿಹೋಗಲಿಲ್ಲ. ಅಲ್ಲಿನ ಕ್ರೀಡಾ ಮುಖ್ಯಸ್ಥನಿಗೂ ವೈದ್ಯನೊಬ್ಬನಿಗೂ 2000ದಲ್ಲಿ ಬರ್ಲಿನ್ ಕೋರ್ಟ್ ಶಿಕ್ಷೆ ಕೊಟ್ಟಿತು. ಡಾಕ್ಟರ ಸಂಬಳ ಗೆಲುವಿನಿಂದ ಬರುವ ಕಡೆ, ಅವರು ನೋಡುವುದು ರೋಗಿಯನ್ನೋ ಪದಕವನ್ನೋ?

ಅನುಮತಿ ಎಂದರೆ ‘ಬೇಕಾದವರು ತಗೊಳ್ಳಲಿ’ ಎಂದು ನೀವು ತಿಳಿದುಕೊಂಡಿದ್ದೀರಿ. ಅನುಮತಿ ಸಿಕ್ಕ ಮರುದಿನ ಏನಾಗುತ್ತದೆ ಎಂದು ಯೋಚಿಸಿ. ಎದುರಾಳಿ ತಗೊಂಡಿದ್ದಾನೆ ಎಂಬುದು ಖಾತ್ರಿ. ತಗೊಳ್ಳದೆ ಇಳಿದರೆ ನಿಮ್ಮ ತಮ್ಮ ಸೋಲುವುದು ಮಾತ್ರವಲ್ಲ, ಮೈಗೂ ಜಾಸ್ತಿ ಏಟು ಬೀಳುತ್ತದೆ. ಅಂದರೆ ತಗೊಳ್ಳಲೇಬೇಕು. ಈಗ ‘ಬೇಡ’ ಎನ್ನಲು ಅವನಿಗೆ ನಿಯಮದ ಬೆಂಬಲವಾದರೂ ಇದೆ. ಅದೂ ಹೋದರೆ ಅವನು ಯಾರ ಹೆಸರು ಹೇಳಿ ಬೇಡ ಎನ್ನಬೇಕು?

ಪರೀಕ್ಷೆಗಳ ಬಗ್ಗೆ ನಿಮ್ಮ ಬೇಸರ ನನಗೂ ಇದೆ. ಪಂದ್ಯದ ರಾತ್ರಿ ಮಾತ್ರ ಮೂತ್ರ ಪರೀಕ್ಷೆ ಮಾಡಿದರೆ ಎಷ್ಟೋ ಸಲ ಏನೂ ಸಿಗುವುದಿಲ್ಲ, ಅಷ್ಟರಲ್ಲಿ ಮದ್ದು ತನ್ನ ಕೆಲಸ ಮುಗಿಸಿ ಮೈಯಿಂದ ಹೋಗಿರಬಹುದು. ಇನ್ನೊಂದು ಕಡೆ ಈಗಿನ ಯಂತ್ರಗಳು ಗ್ರಾಂನ ಲಕ್ಷ ಕೋಟಿಯಲ್ಲಿ ಒಂದು ಪಾಲನ್ನೂ ಹಿಡಿಯುತ್ತವೆ, ಕಲಬೆರಕೆ ಸಪ್ಲಿಮೆಂಟ್ ತಿಂದ ನಿರಪರಾಧಿಯೂ ಸಿಕ್ಕಿಬೀಳಬಹುದು. ಇವೆರಡೂ ನಿಜವಾದ ದೋಷಗಳು, ಸರಿಮಾಡಬೇಕಾದವು. ಆದರೆ ದಡ್ಡರು ಮಾತ್ರ ಸಿಗುತ್ತಾರೆ ಎಂಬುದನ್ನು ಒಪ್ಪಲಾರೆ. ದಿಢೀರ್ ಪರೀಕ್ಷೆಗೆ ಸಿಗುವಂತೆ ದೊಡ್ಡ ಆಟಗಾರರು ದಿನದಲ್ಲಿ ಒಂದು ಗಂಟೆ ತಾವು ಎಲ್ಲಿರುತ್ತೇವೆ ಎಂದು ಮೊದಲೇ ತಿಳಿಸಬೇಕು. ಹನ್ನೆರಡು ತಿಂಗಳಲ್ಲಿ ಮೂರು ಸಲ ತಪ್ಪಿದರೆ ಅದೇ ಅಪರಾಧ. 2019ರಲ್ಲಿ ಹೆವಿವೇಟ್ ಚಾಂಪಿಯನ್ ಆಂಥೊನಿ ಜೋಶುವಾ ಎದುರು ಆಡಬೇಕಿದ್ದ ಜ್ಯಾರೆಲ್ ಮಿಲ್ಲರ್ ಪಂದ್ಯಕ್ಕೆ ಮೊದಲೇ ಒಂದಲ್ಲ, ಮೂರು ಮದ್ದುಗಳಿಗೆ ಸಿಕ್ಕಿಬಿದ್ದ. ಅವನ ಜಾಗಕ್ಕೆ ಕೊನೆ ಗಳಿಗೆಯಲ್ಲಿ ಆಂಡಿ ರೂಯಿಜ್ ಬಂದ, ಜೂನ್ 1ರಂದು ಜೋಶುವಾನನ್ನು ಏಳನೇ ಸುತ್ತಿನಲ್ಲಿ ಸೋಲಿಸಿ ಚಾಂಪಿಯನ್ ಆದ. ಪರೀಕ್ಷೆ ಸರಿಯಾಗಿ ನಡೆದರೆ ಹೀಗೂ ಆಗುತ್ತದೆ. (ಕಾಫಿಯ ಕೆಫೀನ್ ಯಾಕೆ ಬಿಟ್ಟಿದ್ದಾರೆ ಎಂದು ಕೇಳಿದ್ದಿರಿ. ಅದೂ ಒಂದು ಕಾಲಕ್ಕೆ ನಿಷೇಧಿತ ಪಟ್ಟಿಯಲ್ಲಿತ್ತು, 2004ರಲ್ಲಿ ತೆಗೆದರು. ಗೆರೆ ಅಲ್ಪಸ್ವಲ್ಪ ಆಚೀಚೆ ಆಗಬಹುದು, ಅಷ್ಟಕ್ಕೇ ಗೆರೆಯೇ ಬೇಡ ಎನ್ನಲಾಗದು.)

ಈಗ ನಿಮ್ಮ ತಮ್ಮನ ವಿಷಯ. ನನಗೆ ನಿಯಮಕ್ಕಿಂತ ಇದೇ ಹೆಚ್ಚು ಚಿಂತೆ.

ಬೈಯಬೇಡಿ. ಈಗಾಗಲೇ ತಗೊಂಡಿದ್ದಾನಾ ಎಂದು ಸಮಾಧಾನವಾಗಿ ಕೇಳಿ. ತಗೊಂಡಿದ್ದರೆ ಬಾಟಲಿಯನ್ನೇ ಹಿಡಿದುಕೊಂಡು ಹಾರ್ಮೋನು ತಜ್ಞರ ಹತ್ತಿರ ಕರೆದೊಯ್ಯಿರಿ, ಜಿಮ್‌ನವರು ಹೇಳಿದ ಡಾಕ್ಟರ ಹತ್ತಿರ ಬೇಡ. ಅಂಗಡಿಯ ಬಿಲ್ ಇಲ್ಲದೆ ಬಂದ ಬಾಟಲಿಯಲ್ಲಿ ಚೀಟಿ ಮೇಲೆ ಬರೆದದ್ದೇ ಇರುತ್ತದೆ ಎಂಬ ಭರವಸೆ ಇಲ್ಲ. ರಕ್ತ ದಪ್ಪವಾಗಿದೆಯೇ, ಕೊಲೆಸ್ಟರಾಲ್ ಹೇಗಿದೆ, ಲಿವರ್ ಮತ್ತು ಹೃದಯ ಹೇಗಿವೆ ಎಂದು ಅವರು ನೋಡುತ್ತಾರೆ. ಹೊರಗಿನಿಂದ ಟೆಸ್ಟೋಸ್ಟೆರಾನ್ ಬಂದಾಗ ಮೈ ತಾನೇ ಅದನ್ನು ತಯಾರಿಸುವುದನ್ನು ನಿಲ್ಲಿಸುತ್ತದೆ, ವೀರ್ಯಾಣು ಕಡಿಮೆಯಾಗುತ್ತದೆ. ನಿಲ್ಲಿಸಿದ ಮೇಲೂ ಸರಿಹೋಗಲು ತಿಂಗಳುಗಳು ಬೇಕು. ಆ ದಿನಗಳಲ್ಲಿ ಮನಸ್ಸು ತುಂಬಾ ಕುಗ್ಗುವುದುಂಟು. ಅವನನ್ನು ಒಂಟಿಯಾಗಿ ಬಿಡಬೇಡಿ.

ಇನ್ನೂ ತಗೊಂಡಿಲ್ಲ ಎಂದಾದರೆ ಅವನಿಗೆ ಇಷ್ಟು ತಿಳಿದಿರಲಿ. ಮೈಯಲ್ಲಿ ಏನು ಸಿಕ್ಕರೂ ಆಟಗಾರನೇ ಹೊಣೆ, ‘ಅವರು ಕೊಟ್ಟರು’ ಎಂದರೆ ನಡೆಯುವುದಿಲ್ಲ. ಸ್ಟೆರಾಯ್ಡ್‌ಗೆ ಸಾಮಾನ್ಯವಾಗಿ ನಾಲ್ಕು ವರ್ಷ ನಿಷೇಧ. 19ರ ಬಾಕ್ಸರ್‌ಗೆ ನಾಲ್ಕು ವರ್ಷ ಎಂದರೆ ಏನು ಎಂದು ನಾನು ಹೇಳಬೇಕಾಗಿಲ್ಲ. ಮದ್ದು ಕೊಟ್ಟವರಿಗೂ ವಿಶ್ವ ಉದ್ದೀಪನ ಮದ್ದು ತಡೆ ಸಂಸ್ಥೆಯ ನಿಯಮದಲ್ಲಿ ನಾಲ್ಕು ವರ್ಷದಿಂದ ಜೀವಮಾನದವರೆಗೆ ನಿಷೇಧ ಇದೆ. ಆ ಹಿರಿಯರು ಮತ್ತೊಮ್ಮೆ ಮಾತೆತ್ತಿದರೆ ಇದನ್ನು ಅವರಿಗೂ ಹೇಳಲಿ.

ಜೊತೆಗೆ ಅವನನ್ನು ಒಂದು ಮಾತು ಕೇಳಿ. ದಿನಾ ಅವನ ಜೊತೆ ಸ್ಪಾರಿಂಗ್ ಮಾಡುವ ಗೆಳೆಯನಿಗೆ ‘ನಾನು ಇಂಜೆಕ್ಷನ್ ತಗೊಳ್ಳುತ್ತಿದ್ದೇನೆ’ ಎಂದು ಮೊದಲೇ ಹೇಳಿ ರಿಂಗ್‌ಗೆ ಇಳಿಯಲು ಆಗುತ್ತದಾ? ಏನಂದ ಎಂದು ನನಗೂ ಬರೆಯಿರಿ. ಜಿಮ್ ಮಾತ್ರ ಈ ವಾರವೇ ಬದಲಾಯಿಸಿ.

— ಸಂಪಾದಕ