ಗಂಧದ ಗಣಪನ ಪರಿಮಳ ಎಲ್ಲಿ ಹೋಯಿತು?

ಪ್ರಶ್ನೆ: ಹತ್ತು ವರ್ಷದ ಹಿಂದೆ ಶಿವಮೊಗ್ಗ ಜಿಲ್ಲೆಯ ಸಾಗರದ ಕಡೆ ಹೋದಾಗ ಅಂಗೈಯಷ್ಟು ದೊಡ್ಡ ಶ್ರೀಗಂಧದ ಗಣಪತಿ ತಂದಿದ್ದೆ. ಆಗ ಶೋಕೇಸ್ ಬಾಗಿಲು ತೆಗೆದರೆ ಸಾಕು, ಘಮ್ಮೆನ್ನುತ್ತಿತ್ತು. ಈಗ ಮೂಗಿಗೆ ಹಿಡಿದರೂ ವಾಸನೆ ಇಲ್ಲ. ಮೋಸ ಹೋದೆನಾ? ಗಂಧದೆಣ್ಣೆ ಹಚ್ಚಲಾ?

ಉತ್ತರ: ಎಣ್ಣೆ ಮಾತ್ರ ಹಚ್ಚಬೇಡಿ. ಮೊದಲು ಗಣಪನನ್ನು ತಲೆಕೆಳಗು ಮಾಡಿ. ಪೀಠದ ತಳಕ್ಕೆ ಪಾಲಿಶ್ ಇಲ್ಲದಿದ್ದರೆ ಅಲ್ಲಿ ಹುಣಸೆ ಬೀಜದಷ್ಟು ಜಾಗವನ್ನು ನುಣುಪಾದ ಉಪ್ಪುಕಾಗದದಿಂದ ನಾಲ್ಕು ಸಲ ತಿಕ್ಕಿ. ಆ ಪುಡಿ ಮೂಸಿ ನೋಡಿ. ಪರಿಮಳ ಬಂತಾ? ಹಾಗಾದರೆ ಮರ ಬಹುತೇಕ ಗಂಧದ್ದೇ.

ಶ್ರೀಗಂಧದ ಎಣ್ಣೆ ಇರುವುದು ಒಳಗಿನ ಚೇಗಿನಲ್ಲಿ, ಅಂದರೆ ಮರದ ನಡುವಿನ ಗಟ್ಟಿ ತಿರುಳಿನಲ್ಲಿ, ಮತ್ತು ಬೇರಿನಲ್ಲಿ. ಅದಕ್ಕೇ ಈ ಮರವನ್ನು ಕಡಿಯುವುದಕ್ಕಿಂತ ಬುಡಸಮೇತ ಕೀಳುವುದು ರೂಢಿ. ಚೇಗಿನ ಸುತ್ತಲಿನ ಬಿಳಿ ಭಾಗಕ್ಕೆ ಪರಿಮಳವೇ ಇಲ್ಲ. ಎಣ್ಣೆಯಲ್ಲಿ ಪರಿಮಳ ಕೊಡುವ ಸ್ಯಾಂಟಲಾಲ್ ಎಂಬ ಅಂಶ ಬಹಳ ನಿಧಾನ ಆರುತ್ತದೆ, ಹತ್ತು ವರ್ಷಕ್ಕೆಲ್ಲ ಮುಗಿಯುವಂಥದ್ದಲ್ಲ. ಮೇಲ್ಪದರದ್ದು ಆರಿರುತ್ತದೆ, ಮೇಲೆ ಧೂಳು, ಕೈಜಿಡ್ಡು ಕೂತಿರುತ್ತದೆ, ಅಷ್ಟೇ. ಇನ್ನೊಂದು, ದಿನಾ ನೋಡುವ ನಿಮ್ಮ ಮೂಗಿಗೆ ಅದು ರೂಢಿಯಾಗಿರಲೂಬಹುದು. ಮನೆಗೆ ಬಂದ ನೆಂಟರನ್ನು ಸುಮ್ನೆ ಕೇಳಿ ನೋಡಿ!

ತಿಕ್ಕಿದರೂ ಏನೂ ಬರದಿದ್ದರೆ? ಬಿಳಿ ಭಾಗದಲ್ಲೋ ಬೇರೆ ಮರದಲ್ಲೋ ಕೆತ್ತಿ, ಮೇಲೆ ಎಣ್ಣೆ ಸವರಿ ಮಾರಿರಬಹುದು. ಸಾಗರ, ಸೊರಬದ ಗುಡಿಗಾರರು, ಅಂದರೆ ಪರಂಪರೆಯಿಂದ ಕೆತ್ತನೆ ಮಾಡುವವರು, ಶಿವನಿ ಮರದಲ್ಲೂ ಕೆತ್ತುತ್ತಾರೆ. ಗಂಧ ಸಿಗುವುದು ಕಷ್ಟ, ದುಬಾರಿ ಬೇರೆ. ಶಿವನಿ ಎಂದೇ ಹೇಳಿ ಮಾರಿದರೆ ಅದರಲ್ಲಿ ತಪ್ಪೇನಿಲ್ಲ, ಕೈಚಳಕ ಅದೇ ಅಲ್ವಾ? ಆದರೂ ಗಂಧದ ಮಾತೇ ಬೇರೆ. ಅದರ ಎಳೆ ಎಷ್ಟು ಒತ್ತಾಗಿದೆ ಎಂದರೆ ಬಳ್ಳಿಯ ಎಲೆಯಲ್ಲಿ ನರ ಕೂಡ ಬಿಡಿಸಬಹುದು. ಹಾರಕ್ಕೆಂದು ಹೆರೆದ ಸಿಪ್ಪೆ ಕಾಗದದಷ್ಟು ತೆಳುವಾಗಿ ಸುರುಳಿ ಸುತ್ತಿಕೊಂಡು ಬರುತ್ತದೆ.

ಈಗ ಆರೈಕೆ. ಸಂದಿಯ ಧೂಳನ್ನು ಮೆತ್ತನೆ ಬ್ರಶ್‌ನಿಂದ ತೆಗೆಯಿರಿ. ನೀರು, ಕೊಬ್ಬರಿ ಎಣ್ಣೆ, ಸೆಂಟು ಯಾವುದೂ ಬೇಡ. ಎಣ್ಣೆ ಧೂಳನ್ನು ಹಿಡಿದಿಟ್ಟು ಕೆತ್ತನೆಯ ಗೆರೆಗಳನ್ನೇ ಮುಚ್ಚುತ್ತದೆ. ಬಿಸಿಲು ಬೀಳದ ಕಡೆ, ಗಾಜಿನ ಮುಚ್ಚಿದ ಪೆಟ್ಟಿಗೆಯಲ್ಲಿಡಿ. ಪರಿಮಳ ಜಾಸ್ತಿ ಬೇಕು ಅಂತ ಇಡೀ ಗಣಪನನ್ನು ಉಜ್ಜಲು ಹೋಗಬೇಡಿ, ಸೊಂಡಿಲಿನ ಸುಕ್ಕುಗಳು ಹೋದರೆ ಮತ್ತೆ ಬರುವುದಿಲ್ಲ. ತಳದಲ್ಲಿ ತಿಕ್ಕಿದ ಆ ಚೂರು ಜಾಗವೇ ಪೆಟ್ಟಿಗೆ ತೆಗೆದಾಗ ಸಣ್ಣಗೆ ಘಮಿಸಲು ಸಾಕು.