ಹುಲಿ ಕಾಣದಿದ್ದರೂ ಸಫಾರಿಯಲ್ಲಿ ನೆಮ್ಮದಿ ಸಿಗುತ್ತಾ?

"ಸಫಾರಿಗೆ ಹೋಗಿ ಬಂದವರೆಲ್ಲ ಮನಸ್ಸು ಹಗುರಾಯ್ತು, ಅದೇ ನನ್ನ ಜಾಗ ಅನ್ನಿಸಿತು ಅಂತಾರೆ. ನಾನೂ ಹೋದೆ. ಹುಲಿ ಕಾಣಲಿಲ್ಲ, ಧೂಳು ಕುಡಿದು ಬಂದೆ. ನನ್ನಲ್ಲೇ ಏನಾದರೂ ಐಬಿದೆಯಾ?" ಅಂತ ಕೇಳಿದ್ದೀರಿ.

ಐಬೇನೂ ಇಲ್ಲ. ನನ್ನ ಮೊದಲ ಸಫಾರಿಯೂ ಹಾಗೇ ಇತ್ತು. ತುಂಬಿದ ಬಸ್ಸು. ಹಿಂದಿನ ಸೀಟಿನವರೊಬ್ಬರು ಚಿಪ್ಸ್ ಪೊಟ್ಟಣ ಬಿಡಿಸುತ್ತಾ ಡ್ರೈವರನ್ನು "ಹುಲಿ ಎಷ್ಟೊತ್ತಿಗೆ ಬರುತ್ತೆ?" ಅಂತ ಕೇಳುತ್ತಿದ್ದರು, ಚಾಮರಾಜನಗರದ ಪ್ಯಾಸೆಂಜರ್ ಗಾಡಿ ವಿಚಾರಿಸುವ ಹಾಗೆ. ನಾನೇನು ಕಮ್ಮಿ ಇರಲಿಲ್ಲ. ಒಂದೂವರೆ ಗಂಟೆ ಬರೀ ಹಳದಿ ಬಣ್ಣ ಹುಡುಕಿದೆ. ಒಣಗಿದ ಎಲೆಯೆಲ್ಲ ಹುಲಿಯಾಗಿ ಕಂಡಿತು. ಸಿಟ್ಟು ಬಂತು. ದುಡ್ಡು ದಂಡ ಅಂದುಕೊಂಡೆ.

ನನ್ನದು ಮೈಸೂರಿನಲ್ಲಿ ಬಸ್ ಸ್ಟ್ಯಾಂಡ್ ಹತ್ತಿರ ಝೆರಾಕ್ಸ್ ಅಂಗಡಿ. ಬೆಳಗ್ಗೆ ಒಂಬತ್ತರಿಂದ ರಾತ್ರಿ ಒಂಬತ್ತರವರೆಗೆ "ಅಣ್ಣ, ಆಧಾರ್ ಎರಡೂ ಕಡೆ ಒಂದೇ ಹಾಳೇಲಿ", "ಅಣ್ಣ, ಅರ್ಜೆಂಟು, ಬಸ್ ಹೊರಡುತ್ತೆ". ಎಲ್ಲರಿಗೂ ನಾನು ಬೇಕು, ಅದೂ ಈಗಲೇ ಬೇಕು. ಮನೆಗೆ ಬಂದು ಮಲಗಿದರೂ ಯಾರೋ ಕರೆದ ಹಾಗೇ ಆಗುತ್ತಿತ್ತು. ಇದನ್ನು ಯಾಕೆ ಹೇಳುತ್ತಿದ್ದೇನೆ ಅಂದರೆ, ಕಾಡಿನಲ್ಲಿ ನನಗೆ ಸಿಕ್ಕಿದ್ದಕ್ಕೂ ಇದಕ್ಕೂ ನೇರ ಸಂಬಂಧ ಇದೆ.

ಎರಡನೇ ಸಲ ಹೋಗಿದ್ದು ಏಪ್ರಿಲ್‌ನಲ್ಲಿ, ತಮ್ಮನ ಬಲವಂತಕ್ಕೆ. ಎಚ್.ಡಿ. ಕೋಟೆ, ಅಂತರಸಂತೆ ದಾಟಿ ದಮ್ಮನಕಟ್ಟೆ. ನಾಗರಹೊಳೆ ಕಾಡಿನ ಕಬಿನಿ ಕಡೆಯ ಬಾಗಿಲು ಅದು. ಈ ಸಲ ಜೀಪು. ಡ್ರೈವರ್ ಅಲ್ಲೇ ಹತ್ತಿರದ ಹಾಡಿಯವರು, ಅಂದರೆ ಆದಿವಾಸಿಗಳ ಊರಿನವರು, ಜೇನುಕುರುಬರು. ಮಾತು ಕಮ್ಮಿ. ಅರ್ಧ ಗಂಟೆ ಓಡಿಸಿ, ಒಂದು ಕೆರೆಯ ಪಕ್ಕ ನಿಲ್ಲಿಸಿ ಇಂಜಿನ್ ಆಫ್ ಮಾಡಿಬಿಟ್ಟರು.

ಇಂಜಿನ್ ನಿಂತ ಮೇಲಿನ ಮೊದಲ ಐದು ನಿಮಿಷ ಹಿಂಸೆ, ಮೊದಲೇ ಹೇಳಿಬಿಡುತ್ತೇನೆ. ಕೈ ತಾನಾಗಿ ಫೋನಿಗೆ ಹೋಯಿತು. ನೆಟ್‌ವರ್ಕ್ ಇಲ್ಲ. ಎದುರಿಗೆ ಒಂದು ಮತ್ತಿ ಮರ, ತೊಗಟೆ ಥೇಟ್ ಮೊಸಳೆ ಚರ್ಮದ ಹಾಗೆ ಬಿರುಕು ಬಿರುಕು. ಬೇಸಿಗೆಯಲ್ಲಿ ಕೆಲವು ಮತ್ತಿ ಮರದ ಕಾಂಡದೊಳಗೆ ನೀರಿರುತ್ತದೆ ಅಂತ ಡ್ರೈವರ್ ಪಿಸುಮಾತಿನಲ್ಲಿ ಹೇಳಿದರು. ಬೇರೆ ಕೆಲಸ ಇರಲಿಲ್ಲವಲ್ಲ, ಅದನ್ನೇ ನೋಡುತ್ತಾ ಕೂತೆ.

ಆಮೇಲೆ ಕಿವಿ ತೆರೆಯಿತು. ಬೇರೆ ಹೇಗೆ ಹೇಳಬೇಕೋ ಗೊತ್ತಿಲ್ಲ. ಮೇಲೆ ಮುಸುವಗಳು, ಅದೇ ಕರಿ ಮೂತಿಯ ಉದ್ದ ಬಾಲದ ಕೋತಿಗಳು, ಎಲೆ ಕಿತ್ತು ಅರ್ಧ ತಿಂದು ಅರ್ಧ ಬಿಸಾಡುತ್ತಿದ್ದವು. ಕೆಳಗೆ ಜಿಂಕೆಗಳು ಅದನ್ನು ಆಯ್ದು ತಿನ್ನುತ್ತಿದ್ದವು. ಎಲೆ ಬೀಳುವ ಸದ್ದೂ ಕೇಳುತ್ತಿತ್ತು. ಈ ಎರಡಕ್ಕೂ ಒಳ್ಳೆಯ ಒಪ್ಪಂದ ಇದೆ. ಮುಸುವ ಮೇಲಿನಿಂದ ದೂರ ನೋಡುತ್ತದೆ, ಜಿಂಕೆ ಕೆಳಗೆ ವಾಸನೆ ಹಿಡಿಯುತ್ತದೆ. ಯಾರಿಗೆ ಮೊದಲು ಸುಳಿವು ಸಿಕ್ಕರೂ ಕೂಗುತ್ತಾರೆ.

ಇದ್ದಕ್ಕಿದ್ದಂತೆ ಬಲಗಡೆ ಲಂಟಾನ ಪೊದೆಯ ಒಳಗಿಂದ "ಢಾಂಕ್" ಅಂತ ಕೂಗು. ಡ್ರೈವರ್ ಬೆರಳೆತ್ತಿ "ಕಡವೆ" ಅಂದರು. ಜಿಂಕೆ ಸಣ್ಣಪುಟ್ಟದಕ್ಕೂ ಹೆದರಿ ಕೂಗಿಬಿಡುತ್ತೆ, ಕಡವೆ ಸುಮ್ಸುಮ್ನೆ ಕೂಗಲ್ಲ, ಕೂಗಿದರೆ ನಂಬಬಹುದು ಅಂತ ಅವರ ಲೆಕ್ಕ. ಎಲ್ಲರ ಕ್ಯಾಮೆರಾ ಮೇಲೆದ್ದವು. ಜಿಂಕೆಗಳು ಬಾಲ ನಿಗುರಿಸಿ ಒಂದೇ ದಿಕ್ಕಿಗೆ ನೋಡಿದವು. ಮುಸುವಗಳು ಕೆಮ್ಮಿದ ಹಾಗೆ ಖಕ್ ಖಕ್ ಅಂದವು. ನನ್ನ ಎದೆಯೂ ಹೊಡೆದುಕೊಳ್ಳುತ್ತಿತ್ತು. ಅವು ಉಸಿರು ಬಿಗಿಹಿಡಿದ ಹೊತ್ತಿಗೆ ನಾನೂ ಹಿಡಿದಿದ್ದೆ.

ಏನೂ ಬರಲಿಲ್ಲ. ಕೂಗು ನಿಂತಿತು. ಸ್ವಲ್ಪ ಹೊತ್ತಿಗೆ ಮುಸುವಗಳು ಇಳಿದು ಬಂದವು. ಒಂದು ಹೆಣ್ಣು ಜಿಂಕೆ ನಮ್ಮ ಜೀಪಿನ ಪಕ್ಕದಲ್ಲೇ ಹಾದು, ನಾವು ಅಲ್ಲಿ ಇಲ್ಲವೇ ಇಲ್ಲ ಅನ್ನುವ ಹಾಗೆ ನೀರಿಗೆ ಬಾಯಿ ಹಾಕಿತು. ಅದಕ್ಕೆ ನನ್ನಿಂದ ಏನೂ ಆಗಬೇಕಾಗಿರಲಿಲ್ಲ. ನಾನು ಹೆದರಿಕೆಯೂ ಅಲ್ಲ, ಉಪಯೋಗಕ್ಕೂ ಇಲ್ಲ. ಎಷ್ಟೋ ವರ್ಷದ ಮೇಲೆ ಯಾರಿಗೂ ಬೇಡವಾಗಿ ಕೂತಿದ್ದೆ. ಭುಜ ತಾನಾಗಿ ಕೆಳಗಿಳಿಯಿತು. ನೀವು ಕೇಳಿದ ನೆಮ್ಮದಿ ಇದೇ ಇರಬೇಕು. ನನಗೆ ಸಿಕ್ಕಿದ್ದಂತೂ ಇಷ್ಟೇ.

ಅಲ್ಲಿಂದ ಕಬಿನಿ ಹಿನ್ನೀರಿಗೆ ಹೋದೆವು. ಬೇಸಿಗೆಯಲ್ಲಿ ನೀರು ಇಳಿದ ಕಡೆ ಹಸಿ ಹುಲ್ಲು ಚಿಗುರುತ್ತದೆ. ಕಾಡಿನ ಒಳಗಿನ ಕೆರೆಗಳು ಬತ್ತುವ ಹೊತ್ತಿಗೆ ಸುತ್ತಲಿನ ಆನೆ ಹಿಂಡುಗಳೆಲ್ಲ ಅಲ್ಲಿ ಸೇರುತ್ತವೆ. ಕಾಕನಕೋಟೆ ಅಂದರೆ ಇದೇ ಸೀಮೆ. 1971ರವರೆಗೂ ಇಲ್ಲಿ ಖೆಡ್ಡಾ ಮಾಡಿ, ಅಂದರೆ ಹಿಂಡನ್ನೇ ಬೇಲಿಯೊಳಗೆ ಅಟ್ಟಿ, ಆನೆ ಹಿಡಿಯುತ್ತಿದ್ದರು. 1974ರಲ್ಲಿ ಕಬಿನಿ ಅಣೆಕಟ್ಟು ಮುಗಿದು ಆ ಕಾಡಿನ ಒಂದು ಪಾಲು ನೀರಿನಡಿ ಹೋಯಿತು. ಈಗ ಅದೇ ಜಾಗದಲ್ಲಿ ಮರಿಯಾನೆ ಅಮ್ಮನ ಕಾಲ ಸಂದಿಯಲ್ಲಿ ಮಣ್ಣೆರಚಿಕೊಂಡು ನಿಂತಿತ್ತು. ನನಗೆ ಗಂಟಲು ಕಟ್ಟಿತು. ಏನೋ ಹೇಳಬೇಕಲ್ಲ ಅಂತ, "ಯಾಕೋ ಇದು ನಮ್ಮದೇ ಜಾಗ ಅನ್ನಿಸುತ್ತೆ" ಅಂದೆ.

ಡ್ರೈವರ್ ನಕ್ಕರು. "ನಮ್ಮಜ್ಜಿ ಹಾಡಿ ಈ ಕಾಡೊಳಗೇ ಇತ್ತು ಸಾರ್. ಈಗ ನಾನೂ ಗೇಟಲ್ಲಿ ಟೈಮ್ ಬರೆಸಿ ಒಳಗೆ ಬರ್ತೀನಿ."

ಬೇಜಾರಿನಿಂದ ಹೇಳಿದ್ದಲ್ಲ, ಸುಮ್ಮನೆ ಹೇಳಿದ್ದು. ನನಗೆ ಮಾತ್ರ ಕಪಾಳಕ್ಕೆ ಕೊಟ್ಟ ಹಾಗಾಯಿತು. 1972ರ ವನ್ಯಜೀವಿ ಕಾಯ್ದೆ ಬಂದ ಮೇಲೆ ನಾಗರಹೊಳೆಯ ಒಳಗಿನ ಎಷ್ಟೋ ಹಾಡಿಗಳು ಹೊರಗೆ ಬಂದವು. ಆ ಜಗಳ ಇನ್ನೂ ಮುಗಿದಿಲ್ಲ. ಟಿಕೆಟ್ ತಗೊಂಡು ಮೂರು ಗಂಟೆ ಇದ್ದು ಹೋಗಲು ಬಂದವನು ನಾನು. ಅವತ್ತಿನಿಂದ "ನನ್ನ ಜಾಗ" ಅನ್ನುವುದನ್ನು ಬಿಟ್ಟಿದ್ದೇನೆ. ನೆಂಟರ ಮನೆಯಲ್ಲಿ ನಮ್ಮ ಪಾಡಿಗೆ ಬಿಟ್ಟರೆ ಹಾಯಾಗಿರುತ್ತಲ್ಲ, ಅಷ್ಟು ಸಲುಗೆ ಸಾಕು.

ಇನ್ನು ನೀವು ಮತ್ತೆ ಹೋಗುವುದಾದರೆ: ಹಬ್ಬ, ಶನಿವಾರ, ಭಾನುವಾರ ಬಿಡಿ. ಆಗುವುದಾದರೆ ಜೀಪು ತಗೊಳ್ಳಿ, ಬಸ್ಸಾದರೂ ಪರವಾಗಿಲ್ಲ. ಸೆಂಟು ಹಾಕಬೇಡಿ. ಹತ್ತುವಾಗಲೇ ಡ್ರೈವರಿಗೆ "ಹುಲಿ ತೋರಿಸಿ" ಅನ್ನುವ ಬದಲು "ಒಂದು ಕಡೆ ಸ್ವಲ್ಪ ಹೊತ್ತು ನಿಲ್ಲಿಸ್ತೀರಾ?" ಅಂತ ಕೇಳಿ ನೋಡಿ. ಜೊತೆಯವರು ಗೊಣಗಬಹುದು. ಗೊಣಗಲಿ ಬಿಡಿ.

ನಾನು ಆಮೇಲೆ ಮೂರು ಸಲ ಹೋಗಿದ್ದೇನೆ. ಹುಲಿ ಒಂದು ಸಲ ಕಂಡಿತು, ಅದೂ ಬಾಲ ಮಾತ್ರ. ಈಗ ಅಂಗಡಿಯಲ್ಲಿ ಮಧ್ಯಾಹ್ನ ಕರೆಂಟು ಹೋಗಿ ಮೆಷಿನ್ ನಿಂತರೆ ಯುಪಿಎಸ್ ಕಡೆ ಓಡುವುದಿಲ್ಲ. ಎದುರಿನ ಹೊಂಗೆ ಮರದಲ್ಲಿ ಅಳಿಲು ಒಂದೇ ಸಮ ಕೂಗುತ್ತಿರುತ್ತದೆ. ಯಾವ ಬೆಕ್ಕು ಬಂತೋ ಅಂತ ಕೆಳಗೆ ಬಗ್ಗಿ ನೋಡುತ್ತೇನೆ.